ಹದಿನೇಳನೇ ಪಾತಿ

"ಗುರುಗಳೇ, ಅನ್ಯಾಯ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಷ್ಟು ಉರಿಯುವವನು ಒಳ್ಳೆಯವನೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಕೇಳಿದ ರೀತಿ ನೋಡಿದರೆ ಉತ್ತರವನ್ನೂ ಅವನೇ ತಂದಿದ್ದಂತಿತ್ತು. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಮಾತಿನಲ್ಲಿ ಮುಗಿಯುವುದನ್ನು ಒಂದು ಮಾತಿನಲ್ಲಿ ಮುಗಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಸುತ್ತ ಹನ್ನೆರಡು ಹಳ್ಳಿಯಲ್ಲಿ ತಮ್ಮಷ್ಟು ಚೆನ್ನಾಗಿ ಬಡಾಯಿ ಕೊಚ್ಚುವವರು ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಅದೂ ಬಡಾಯಿಯೋ ಏನೋ, ಯಾರೂ ವಿಚಾರಿಸಿರಲಿಲ್ಲ.

"ಕೂತ್ಕೋ" ಎಂದರು. "ನಿನಗಿಂತ ಜೋರಾಗಿ ಉರಿದವನೊಬ್ಬನ ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಬಸ್ ಕಂಡಕ್ಟರ್ ಇದ್ದ. ಕೆಲಸದಿಂದ ನಿವೃತ್ತನಾಗಿದ್ದ. ಗಂಟಲು ಮಾತ್ರ ನಿವೃತ್ತವಾಗಿರಲಿಲ್ಲ. ಅವನು ಒಂದು ಸಲ 'ಹೋಲ್ಡಾನ್' ಎಂದರೆ ಅವನ ಬಸ್ಸು ನಿಲ್ಲುವುದು ಸರಿ, ಎದುರಿನಿಂದ ಬರುತ್ತಿದ್ದ ಬಸ್ಸೂ ನಿಲ್ಲುತ್ತಿತ್ತಂತೆ. ಒಮ್ಮೆ ರಸ್ತೆ ಬದಿಯ ಹಿಟ್ಟಿನ ಗಿರಣಿಯೂ ನಿಂತುಹೋಗಿ, ಅದನ್ನು ಮತ್ತೆ ಹೊರಡಿಸಲು ಇವನೇ ಇಳಿದು ಹೋಗಿ 'ರೈಟ್' ಎನ್ನಬೇಕಾಯಿತಂತೆ. ಇದನ್ನೆಲ್ಲ ಅವನೇ ಹೇಳುತ್ತಿದ್ದ. ಸುಳ್ಳು ಎನ್ನಬೇಕೆಂದಿದ್ದವರ ಮಾತು ಅವನ ದನಿಯಲ್ಲಿ ಮುಳುಗಿಹೋಗುತ್ತಿತ್ತು.

ಅವನಿದ್ದ ಬಡಾವಣೆಯಲ್ಲಿ ಒಂದು ಖಾಲಿ ಜಾಗವಿತ್ತು. ಮನೆ ಕಟ್ಟಿದವರೆಲ್ಲ ಒಡೆದ ಇಟ್ಟಿಗೆ, ಹೆಪ್ಪುಗಟ್ಟಿದ ಸಿಮೆಂಟು, ಹೆಂಚಿನ ಚೂರು ತಂದು ಸುರಿದ ಜಾಗ. ನಿವಾಸಿಗಳು ಸಂಘ ಕಟ್ಟಿಕೊಂಡು ಅದನ್ನು ಸಮ ಮಾಡಿಸಿದರು. ನಲವತ್ತೆರಡು ಪಾತಿ ಮಾಡಿ ಮನೆಗೊಂದರಂತೆ ಹಂಚಿಕೊಂಡರು. ವಿಷ ಹಾಕದೆ ನಮ್ಮ ತರಕಾರಿ ನಾವೇ ಬೆಳೆದುಕೊಳ್ಳೋಣ ಎಂದರು. ನಿಯಮಗಳನ್ನು ಬರೆದರು. ರಾಸಾಯನಿಕ ಗೊಬ್ಬರ ಕೂಡದು. ಕೀಟನಾಶಕ ಕೂಡದು. ಬಳ್ಳಿಯ ಚಪ್ಪರ ಆಳೆತ್ತರ ಮೀರಕೂಡದು, ಪಕ್ಕದವರ ಬಿಸಿಲಿಗೆ ಅಡ್ಡ ಬರುತ್ತದೆ.

ಇನ್ನೊಂದು ಪದ್ಧತಿಯನ್ನೂ ಇಟ್ಟುಕೊಂಡರು. ಯಾವ ತೀರ್ಮಾನವೇ ಆಗಲಿ, ಅಧ್ಯಕ್ಷ ಸಭೆಯಲ್ಲಿ 'ತಕರಾರು ಇದೆಯೇ?' ಎಂದು ಮೂರು ಸಲ ಕೂಗಬೇಕು. ಒಬ್ಬನೇ ಒಬ್ಬ ಎದ್ದು ನಿಂತರೂ ಎಲ್ಲರ ಕೈ ಎತ್ತಿಸಿ ಎಣಿಸಬೇಕು. ಮೂರನೆಯ ಕೂಗಿಗೂ ಯಾರೂ ಏಳದಿದ್ದರೆ ಮುಗಿಯಿತು, ಆಮೇಲೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಒಳ್ಳೆಯ ಪದ್ಧತಿಯೇ. ಎಲ್ಲರೂ ಅದನ್ನು ಮೆಚ್ಚಿ ಚಪ್ಪಾಳೆ ತಟ್ಟಿದರು.

ಮೊದಲ ವರ್ಷ ಬಿತ್ತಿದರು. ಮೆಂತ್ಯ ಹಳದಿಯಾಗಿ ಹುಟ್ಟಿ ಹಳದಿಯಾಗಿಯೇ ಹೋಯಿತು. ದಂಟು ಹೆಬ್ಬೆಟ್ಟಿನೆತ್ತರ ಬೆಳೆದು ಅಲ್ಲಿಗೇ ಸಾಕು ಎಂದಿತು. ಕಂಡಕ್ಟರನ ಪಾತಿಯಲ್ಲಿ ಒಂದು ಬದನೆಕಾಯಿ ಬಿಟ್ಟಿತು. ಅದನ್ನು ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೀದಿಯೆಲ್ಲ ತೋರಿಸಿಕೊಂಡು ಬಂದ. ಜೇಬಿಗೆ ಗುಂಡಿ ಹಾಕಲೂ ಜಾಗವಿತ್ತು.

ಆ ಬಡಾವಣೆಗೆ ಕಸದ ಗಾಡಿ ತಳ್ಳಿಕೊಂಡು ಒಬ್ಬ ಹೆಂಗಸು ಬರುತ್ತಿದ್ದಳು. ಒಂದು ದಿನ ಅವಳು ಬೇಲಿಯಾಚೆ ಗಾಡಿ ನಿಲ್ಲಿಸಿ ಕಂಡಕ್ಟರನ ಪಾತಿಯನ್ನು ನೋಡಿದಳು.

"ಅಣ್ಣ, ಈ ಮಣ್ಣು ಸತ್ತೋಗೈತೆ. ಎಷ್ಟು ನೀರು ಹಾಕಿದ್ರೂ ಹೆಣಕ್ಕೆ ಸ್ನಾನ ಮಾಡಿಸಿದಂಗೆ."

"ಮತ್ತೇನು ಮಾಡಬೇಕಮ್ಮ?"

"ಮೂಲೇಲಿ ಒಂದು ಗುಂಡಿ ತೆಗೀರಿ. ಹಸಿ ಕಸ ಬೇರೆ ಕೊಡಿ ಅಂತ ಎಲ್ರಿಗೂ ಹೇಳಿ. ಉಳಿದದ್ದು ನಾನು ನೋಡ್ಕೋತೀನಿ."

ಗುಂಡಿ ತೆಗೆದರು. ಹಸಿ ಕಸ ಬೇರೆ ಕೊಡುತ್ತೇವೆ ಎಂದು ಎಲ್ಲರೂ ಒಪ್ಪಿದರು. ಒಪ್ಪಿದ್ದಷ್ಟೇ. ಸೌತೆಸಿಪ್ಪೆಯ ಜೊತೆ ಬ್ಲೇಡು ಬರುತ್ತಿತ್ತು, ಚಹಾಪುಡಿಯ ಜೊತೆ ಒಡೆದ ಗಾಜು ಬರುತ್ತಿತ್ತು, ಹಾಲಿನ ಕವರು, ಮಕ್ಕಳ ಡಯಾಪರು, ಒಂದು ಸಲ ಹರಿದ ಚಪ್ಪಲಿಯ ಜೋಡಿಯೇ ಬಂದಿತ್ತು. ಅವಳು ಗುಂಡಿಯ ಪಕ್ಕ ಕೂತು ಎಲ್ಲವನ್ನೂ ಬೆರಳಿನಿಂದ ಆರಿಸಿ ತೆಗೆಯುತ್ತಿದ್ದಳು. ಒಂದು ಪದರ ಒಣಗಿದೆಲೆ, ಒಂದು ಪದರ ಹಸಿ ಕಸ, ಮೇಲೆ ಸಗಣಿ ನೀರು. ಹದಿನೈದು ದಿನಕ್ಕೊಮ್ಮೆ ಮಗುಚಬೇಕು. ಗೊಬ್ಬರದೊಳಗೆ ಕೈ ತೂರಿಸಿ ಹತ್ತು ಎಣಿಸುವಳು. ಅಷ್ಟರೊಳಗೆ ಕೈ ಸುಟ್ಟರೆ, "ಇನ್ನೂ ಬೇಯ್ತಾ ಐತೆ, ಮುಟ್ಟಬೇಡಿ" ಎನ್ನುವಳು. ಇದಕ್ಕೆ ಅವಳಿಗೆ ಯಾರೂ ಏನೂ ಕೊಡಬೇಕಾಗಿರಲಿಲ್ಲ, ಯಾರೂ ಏನೂ ಕೊಡಲೂ ಇಲ್ಲ. ಅದು ಅವಳ ಕೆಲಸವಲ್ಲ. ಅವಳ ಕೆಲಸ ಕಸವನ್ನು ಪುರಸಭೆಯ ಲಾರಿಗೆ ಹಾಕುವುದು.

ಮೂರು ವರ್ಷದಲ್ಲಿ ಮಣ್ಣು ಕಪ್ಪಗಾಯಿತು. ಎರೆಹುಳು ಬಂತು. ಆಮೇಲೆ ನೋಡಬೇಕಿತ್ತು! ದಂಟಿನ ಸೊಪ್ಪು ಕೀಳಲು ಏಣಿ ತಂದರು. ಒಬ್ಬರ ಪಾತಿಯ ಕುಂಬಳಕಾಯಿಯ ಹಿಂದೆ ಎರಡು ದಿನ ಒಂದು ಸ್ಕೂಟರ್ ಕಾಣೆಯಾಗಿತ್ತು. ಕಂಡಕ್ಟರನ ಹೀರೇಕಾಯಿಯ ವಿಷಯ ಕೇಳುವುದೇ ಬೇಡ. ಅಡುಗೆಮನೆಯಲ್ಲಿ ತುದಿಯಿಂದ ಹೆಚ್ಚಲು ಶುರು ಮಾಡಿದರೆ ತೊಟ್ಟು ಇನ್ನೂ ಗೇಟಿನ ಹೊರಗೇ ಇರುತ್ತಿತ್ತು. ಅಂಥ ಕಾಯಿಗೆ ಆಳೆತ್ತರದ ಚಪ್ಪರ ಯಾವ ಮೂಲೆಗೆ? ಅವನು ಸದ್ದಿಲ್ಲದೆ ಒಂದೂವರೆ ಆಳೆತ್ತರ ಏರಿಸಿದ. ನೋಡಿದವರು ಸುಮ್ಮನಿದ್ದರು.

ಸಂಘದ ಅಧ್ಯಕ್ಷನಿಗೆ ಊರಿನ ಸಮಾರಂಭವೊಂದರಲ್ಲಿ ಶಾಲು ಹೊದಿಸಿದರು. "ಸತ್ತ ಮಣ್ಣನ್ನು ನಾವು ಬದುಕಿಸಿದೆವು" ಎಂದು ಅವನು ಭಾಷಣ ಮಾಡಿದ. ತೋಟದ ಬಾಗಿಲಲ್ಲಿ ಫಲಕ ಬಂತು. ಅದರಲ್ಲಿ ನಲ್ಲಿ ಹಾಕಿಸಿಕೊಟ್ಟವನ ಹೆಸರಿತ್ತು, ಬೇಲಿಯ ತಂತಿ ಕೊಟ್ಟವನ ಹೆಸರಿತ್ತು, ಫಲಕ ಬರೆದವನ ಹೆಸರೂ ಇತ್ತು. ಅವಳದಿರಲಿಲ್ಲ. ಕಂಡಕ್ಟರ್ ಅದನ್ನು ಎರಡು ಸಲ ಓದಿದ. ಕಿವಿ ಬಿಸಿಯಾಯಿತು. ಇದೇನು ಮನುಷ್ಯರು ಮಾಡುವ ಕೆಲಸವೇ ಎಂದುಕೊಂಡ. ಅಂದುಕೊಂಡು ಹೀರೇಬಳ್ಳಿಗೆ ನೀರು ಹಾಕಲು ಹೋದ.

ಆ ವರ್ಷ ಹದಿನೇಳನೇ ಪಾತಿಯವರು ವರ್ಗವಾಗಿ ಬೇರೆ ಊರಿಗೆ ಹೋದರು. ಪಾತಿ ಖಾಲಿ ಬಿತ್ತು. ಮರುದಿನ ಕಸದ ಗಾಡಿಯವಳು ಕಂಡಕ್ಟರನ ಹತ್ತಿರ ಬಂದಳು.

"ಅಣ್ಣ, ಒಂದು ಅರ್ಜಿ ಬರ್ಕೊಡ್ತೀರಾ? ಆ ಖಾಲಿ ಪಾತಿ ನನಗೆ ಕೊಡ್ಲಿ ಅಂತ."

"ನಿನಗೆ?"

"ಹೂಂ ಅಣ್ಣ. ಕಾಲುವೆ ಆಚೆ ನಮ್ಮ ತಗಡಿನ ಮನೆ ಮುಂದೆ ಒಂದು ಕುಂಡ ಇಡೋಕೂ ಜಾಗ ಇಲ್ಲ. ಇಷ್ಟು ವರ್ಷ ಈ ಮಣ್ಣು ಬೇಯಿಸಿದ್ದೀನಿ. ಒಂದು ಸಲ ಇದರ ರುಚಿ ನೋಡಬೇಕು."

ಕಂಡಕ್ಟರ್ ಆಗಲೇ ಕಾಗದ ತಂದ. ಅರ್ಜಿದಾರರ ಹೆಸರು ಎಂದು ಬರೆದು ಪೆನ್ನು ನಿಲ್ಲಿಸಿದ. ಮೂರು ವರ್ಷದಿಂದ ದಿನಾ ಮಾತಾಡಿಸುತ್ತಿದ್ದ ಹೆಂಗಸಿನ ಹೆಸರು ಅವನಿಗೆ ಗೊತ್ತಿರಲಿಲ್ಲ.

"ಚೌಡಕ್ಕ ಅಂತ ಬರೀರಿ" ಎಂದಳು ಅವಳು.

"ಬರೆದೆ. ನೀನು ನಿಶ್ಚಿಂತೆಯಿಂದ ಇರು ತಂಗಿ. ಭಾನುವಾರದ ಸಭೆಯಲ್ಲಿ ನಾನಿರ್ತೀನಿ. ಯಾವನಾದರೂ ಕೊಡಲ್ಲ ಅನ್ನಲಿ, ನಾನೊಂದು ಸಲ ಬಾಯಿ ಬಿಟ್ಟರೆ ನೀರಿನ ಟ್ಯಾಂಕು ಬಿರುಕು ಬಿಡಬೇಕು!"

ಚೌಡಕ್ಕ ನಕ್ಕಳು. ಅಂದು ಗಾಡಿಯನ್ನು ತಳ್ಳಿಕೊಂಡು ಹೋಗುವಾಗ ಹದಿನೇಳನೇ ಪಾತಿಯ ಮುಂದೆ ನಿಂತು, ಇಲ್ಲಿ ಬೆಂಡೆ, ಅಲ್ಲಿ ಮೆಣಸು ಎಂದು ಬೆರಳಿನಲ್ಲಿ ತೋರಿಸಿಕೊಂಡಳು.

ಭಾನುವಾರದವರೆಗೆ ಕಂಡಕ್ಟರ್ ಭಾಷಣ ತಯಾರು ಮಾಡಿದ. ಸ್ನಾನ ಮಾಡುವಾಗ ಒಂದು, ಹಲ್ಲುಜ್ಜುವಾಗ ಒಂದು. ಬಚ್ಚಲಿನಲ್ಲಿ ಅವನು ಅಧ್ಯಕ್ಷನನ್ನು ಹದಿನಾಲ್ಕು ಸಲ ಸೋಲಿಸಿದ. ಹದಿನೈದನೆಯ ಸಲ ಅಧ್ಯಕ್ಷ ಕ್ಷಮೆ ಕೇಳಿದಾಗ ಇವನು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಟ್ಟ.

ಭಾನುವಾರ ಬೆಳಿಗ್ಗೆ ತೋಟದ ಪಕ್ಕದ ನೀರಿನ ಟ್ಯಾಂಕಿನ ಕೆಳಗೆ ಸಭೆ ಸೇರಿತು. ನಲವತ್ತೊಂದು ಮನೆಯಿಂದ ನಲವತ್ತೊಂದು ಜನ. ಚೌಡಕ್ಕ ಒಗೆದ ಸೀರೆ ಉಟ್ಟು ಬಂದಿದ್ದಳು. ಅವಳಿಗೆ ಯಾರೂ ಕುರ್ಚಿ ಹಾಕಿರಲಿಲ್ಲ. ಬೇಲಿಯ ಹತ್ತಿರ ನಿಂತಿದ್ದಳು.

ಅಧ್ಯಕ್ಷ ಅರ್ಜಿ ಓದಿ ಮಡಚಿಟ್ಟ. "ಪಾತಿ ಬಡಾವಣೆಯ ನಿವಾಸಿಗಳಿಗೆ ಅಂತ ನಿಯಮ ಇದೆ. ನಿಯಮ ಅಂದ ಮೇಲೆ ನಿಯಮ."

"ಸಾಮಿ, ನಾನು ಬೆಳಿಗ್ಗೆ ಐದಕ್ಕೆ ಇಲ್ಲಿಗೆ ಬಂದ್ರೆ ಎರಡು ಗಂಟೆಗೆ ಹೋಗೋದು" ಎಂದಳು ಚೌಡಕ್ಕ. "ನೀವು ಆಫೀಸಿಗೆ ಹೋದೋರು ಕತ್ತಲಾದ ಮೇಲೆ ಬರ್ತೀರಿ. ನಿಮಗಿಂತ ಹೆಚ್ಚು ಹೊತ್ತು ನಾನೇ ಇಲ್ಲಿರ್ತೀನಿ."

"ಹಾಗಲ್ಲಮ್ಮ. ನಿವಾಸಿ ಅಂದ್ರೆ ಇಲ್ಲಿ ಮನೆ ಇದ್ದು ಇಲ್ಲೇ ಮಲಗೋರು."

"ಮಲಗೋರಿಗೆ ಪಾತಿ ಐತೆ, ಎದ್ದು ದುಡಿಯೋರಿಗೆ ಇಲ್ವಾ ಸಾಮಿ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಅಧ್ಯಕ್ಷನೂ ನಕ್ಕ. ಅವನಿಗೆ ಕೋಪವೇ ಬರಲಿಲ್ಲ. ಮಗುವಿಗೆ ಪಾಠ ಹೇಳುವವನ ಹಾಗೆ ಮೆತ್ತಗೆ ಹೇಳಿದ.

"ನಿನ್ನ ಮೇಲೆ ನಮಗೆಲ್ಲ ತುಂಬಾ ಗೌರವ ಇದೆ. ಆದರೆ ನೋಡು, ಇಲ್ಲಿ ಬೆಳೆದದ್ದು ದೇವರ ನೈವೇದ್ಯಕ್ಕೂ ಹೋಗುತ್ತೆ. ಅಕ್ಕಪಕ್ಕದ ಪಾತಿಯವರ ಮನಸ್ಸಿಗೆ ಏನನ್ನಿಸುತ್ತೋ ಅದನ್ನೂ ನೋಡಬೇಕಲ್ಲ."

ಹದಿನಾರನೇ ಪಾತಿಯವರು ನೆಲ ನೋಡಿದರು. ಹದಿನೆಂಟನೇ ಪಾತಿಯ ಮೇಷ್ಟ್ರ ಕಿವಿ ಕೆಂಪಾಯಿತು. ಅವರಿಬ್ಬರೂ ಹಾಗೆ ಹೇಳಿರಲಿಲ್ಲ. ಅವರನ್ನು ಯಾರೂ ಕೇಳಿರಲೇ ಇಲ್ಲ.

ಕಂಡಕ್ಟರನಿಗೆ ತಲೆಯೊಳಗೆ ಏನೋ ಸಿಡಿದಂತಾಯಿತು. ಬೇರಿಗೆ ಇವಳ ಕೈ ಆಗಬಹುದು, ಕಾಯಿಗೆ ಆಗಬಾರದು! ನಮ್ಮ ಎಂಜಲನ್ನು ಇವಳು ಬೆರಳಿನಲ್ಲಿ ಆರಿಸಬಹುದು, ಅದರಲ್ಲಿ ಬೆಳೆದದ್ದನ್ನು ಬಿಡಿಸಬಾರದು! ಯಾವ ದೇವರು ಕೇಳಿದನಯ್ಯ ಇದನ್ನು? ಅವನ ಮುಷ್ಟಿ ಬಿಗಿಯಿತು. ಎದೆ ನಗಾರಿಯಾಯಿತು. ಪಕ್ಕದಲ್ಲಿದ್ದ ಡಾಕ್ಟರಮ್ಮನ ಮೂಗಿನ ಹೊಳ್ಳೆ ಅರಳಿತ್ತು. ಎದುರಿನ ಬ್ಯಾಂಕಿನವನು ಹಲ್ಲು ಕಚ್ಚುವ ಸದ್ದು ಇಲ್ಲಿಗೆ ಕೇಳುತ್ತಿತ್ತು. ಅಷ್ಟು ಬಿಸಿಯಾಗಿತ್ತು ಆ ಸಭೆ, ಕುರ್ಚಿಗಳ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

"ಆದ್ದರಿಂದ ಹದಿನೇಳನೇ ಪಾತಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಒಂದು ಕಲ್ಲುಬೆಂಚು ಹಾಕಿಸೋಣ" ಎಂದ ಅಧ್ಯಕ್ಷ. "ತಕರಾರು ಇದೆಯೇ?"

ಚೌಡಕ್ಕ ಕಂಡಕ್ಟರನನ್ನು ನೋಡಿದಳು.

ಕಂಡಕ್ಟರ್ ಉಸಿರು ಎಳೆದುಕೊಂಡ. ಡಾಕ್ಟರಮ್ಮ ಓದಿದವರು, ಮೊದಲು ಅವರು ಎದ್ದರೆ ಮಾತಿಗೆ ತೂಕ ಬರುತ್ತದೆ ಎಂದು ಕಾದ. ಡಾಕ್ಟರಮ್ಮ ಕಂಡಕ್ಟರನ ಕಡೆಯೇ ನೋಡುತ್ತಿದ್ದರು. ಅವನ ಗಂಟಲು ದೊಡ್ಡದು, ಅವನೇ ಏಳುತ್ತಾನೆ ಎಂದು ಅವರು ಕಾಯುತ್ತಿದ್ದರು.

"ತಕರಾರು ಇದೆಯೇ?"

ಎರಡನೆಯ ಕೂಗು. ಕಂಡಕ್ಟರ್ ಕುರ್ಚಿಯಿಂದ ಅರ್ಧ ಎದ್ದ. ಅಧ್ಯಕ್ಷ ಅವನ ಕಡೆ ತಿರುಗಿದ. ತಿರುಗಿದವನ ಕಣ್ಣು ಕಂಡಕ್ಟರನನ್ನು ದಾಟಿ ಹಿಂದೆ ಹೋಗಿ ನಿಂತಿತು. ಅಲ್ಲಿ ಹೀರೇ ಚಪ್ಪರವಿತ್ತು. ಒಂದೂವರೆ ಆಳೆತ್ತರ. ಬಳ್ಳಿಯ ತುಂಬ ಹೂವು, ಹೀಚು. ಹತ್ತು ದಿನ ಬಿಟ್ಟರೆ ಮೊದಲ ಕೊಯ್ಲು.

ನಿಯಮ ಅಂದ ಮೇಲೆ ನಿಯಮ. ನಾಳೆಯೇ ಚಪ್ಪರ ಇಳಿಸು ಎನ್ನುತ್ತಾನೆ. ಹೂವಾದ ಬಳ್ಳಿಯನ್ನು ಇಳಿಸಿದರೆ ಉಳಿಯುತ್ತದೆಯೇ? ಹತ್ತು ದಿನ ಕಳೆಯಲಿ, ಕಾಯಿ ಕೊಯ್ದುಕೊಂಡು ಆಮೇಲೆ ಮಾತಾಡಿದರೆ ಇನ್ನೂ ಜೋರಾಗಿ ಮಾತಾಡಬಹುದು. ಹೀಗೆಂದುಕೊಂಡು ಕಂಡಕ್ಟರ್ ಅರ್ಧ ಎದ್ದವನು ಪಂಚೆ ಸರಿಮಾಡಿಕೊಂಡು ಕೂತ.

"ತಕರಾರು ಇದೆಯೇ?"

ಮೂರನೆಯ ಕೂಗು. ಎರಡು ಬಸ್ಸು, ಒಂದು ಹಿಟ್ಟಿನ ಗಿರಣಿ ನಿಲ್ಲಿಸಿದ ಗಂಟಲಿನಿಂದ ಎಂಜಲು ನುಂಗಿದ ಸದ್ದು ಬಂತು.

"ತೀರ್ಮಾನವಾಯಿತು" ಎಂದ ಅಧ್ಯಕ್ಷ.

ಚೌಡಕ್ಕ ಎಲ್ಲರಿಗೂ ಒಂದು ಸಲ ಕೈ ಮುಗಿದಳು. ತಿರುಗಿ ನಡೆದಳು.

ಸಭೆ ಮುಗಿದ ಮೇಲೆ ಜನ ಬೀದಿ ಮೂಲೆಯ ಚಹಾ ಅಂಗಡಿಯಲ್ಲಿ ಸೇರಿದರು. ಅಲ್ಲಿ ನೋಡಬೇಕಿತ್ತು ಅವರ ಉರಿಯನ್ನು!

"ಎಂಥ ಅನ್ಯಾಯ ಸ್ವಾಮಿ! ನನ್ನ ಹೆಸರು ಎಳೆದು ತಂದನಲ್ಲ!" ಎಂದರು ಮೇಷ್ಟ್ರು.

"ನಾನು ಏಳಬೇಕು ಅಂತಲೇ ಇದ್ದೆ, ನೀವು ಏಳ್ತೀರಿ ಅಂತ ಸುಮ್ಮನಾದೆ" ಎಂದರು ಡಾಕ್ಟರಮ್ಮ.

"ಕಲ್ಲುಬೆಂಚಂತೆ! ಅವನ ತಲೆ ಮೇಲೆ ಹಾಕಲಿ!" ಎಂದ ಬ್ಯಾಂಕಿನವನು.

ಕಂಡಕ್ಟರನ ಗಂಟಲು ಈಗ ತೆರೆಯಿತು. ಇದು ಮನುಷ್ಯರು ಮಾಡುವ ಕೆಲಸವೇ ಎಂದು ಅವನು ಗರ್ಜಿಸಿದ ಗರ್ಜನೆಗೆ ಟ್ಯಾಂಕಿನ ಮೇಲಿದ್ದ ಕಾಗೆಗಳೆಲ್ಲ ಪಕ್ಕದ ತಾಲ್ಲೂಕಿಗೆ ಹಾರಿಹೋದವು. ಸಂಜೆಯವರೆಗೆ ಬಡಾವಣೆಯವರ ಫೋನುಗಳೆಲ್ಲ ಸಿಟ್ಟಿನ ಕೆಂಪು ಮುಖಗಳಿಂದ ತುಂಬಿದವು. ಅಧ್ಯಕ್ಷನಿಲ್ಲದ ಹೊಸ ಗುಂಪೊಂದನ್ನು ಅದಕ್ಕೆಂದೇ ಮಾಡಿಕೊಂಡಿದ್ದರು.

ಮರುದಿನ ಮಧ್ಯಾಹ್ನ ಕಂಡಕ್ಟರ್ ಕಾಲುವೆ ದಾಟಿ ಚೌಡಕ್ಕನ ಮನೆಗೆ ಹೋದ. ಅವಳು ಹೊರಗೆ ಚಾಪೆ ಹಾಕಿದಳು. ನೀರು ಕೊಟ್ಟಳು.

"ತಂಗಿ, ನೀನು ತಪ್ಪು ತಿಳೀಬಾರದು. ನಮಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ನನಗಂತೂ ರಕ್ತ ಕುದೀತಿತ್ತು. ಡಾಕ್ಟರಮ್ಮನಿಗೆ ಕಣ್ಣಲ್ಲಿ ನೀರು ಬಂದಿತ್ತು. ಎಲ್ಲರೂ ನಿನ್ನ ಕಡೆಗೇ ಇದ್ದರು!"

"ಹೌದಾ ಅಣ್ಣ?" ಎಂದಳು ಚೌಡಕ್ಕ. "ನಾನು ಬೇಲಿ ಹತ್ರಾನೇ ನಿಂತಿದ್ದೆ. ನನಗೇನೂ ಕೇಳಿಸಲಿಲ್ಲ."

ಕಂಡಕ್ಟರ್ ನೀರು ಕುಡಿದು ಎದ್ದು ಬಂದ.

ಅವಳು ಜಗಳ ತೆಗೆಯಲಿಲ್ಲ. ಗಾಡಿ ತರುವುದನ್ನೂ ನಿಲ್ಲಿಸಲಿಲ್ಲ. ದಿನಾ ಐದಕ್ಕೆ ಬಂದಳು, ಹಸಿ ಕಸ ತೆಗೆದುಕೊಂಡಳು, ನೆಟ್ಟಗೆ ಪುರಸಭೆಯ ಲಾರಿಗೆ ಹಾಕಿದಳು. ಅವಳ ಕೆಲಸ ಅದೇ ಆಗಿತ್ತು. ಗುಂಡಿಯನ್ನು ನಾವೇ ನೋಡಿಕೊಳ್ಳುತ್ತೇವೆ ಎಂದು ಬಡಾವಣೆಯವರು ಹೊರಟರು. ಕಸ ಆರಿಸಲು ಯಾರಿಗೂ ಮನಸ್ಸಾಗಲಿಲ್ಲ, ಮಗುಚಲು ಯಾರಿಗೂ ಬೆನ್ನು ಬಗ್ಗಲಿಲ್ಲ. ಗುಂಡಿ ನಾರತೊಡಗಿತು. ಒಂದು ದಿನ ಯಾರೋ ಅದರ ಮೇಲೆ ಒಡೆದ ಇಟ್ಟಿಗೆ ತಂದು ಸುರಿದರು. ಹದಿನೇಳನೇ ಪಾತಿಯಲ್ಲಿ ಕಲ್ಲುಬೆಂಚು ಬಂತು. ಕೂತು ಫೋಟೋ ತೆಗೆಸಿಕೊಂಡವರಿಗೆಲ್ಲ ಹಿಂದುಗಡೆ ಹಳದಿ ಮೆಂತ್ಯ ಕಾಣುತ್ತಿತ್ತು.

ಕಂಡಕ್ಟರನ ಹೀರೇಕಾಯಿ ಹತ್ತನೆಯ ದಿನಕ್ಕೆ ಸರಿಯಾಗಿ ಕೊಯ್ಲಿಗೆ ಬಂತು. ಚಪ್ಪರದ ಮಾತನ್ನು ಅಧ್ಯಕ್ಷ ಎತ್ತಲೇ ಇಲ್ಲ. ಆ ವರ್ಷದ ಕಾಯಿ ಎಷ್ಟು ಉದ್ದ ಬಿಟ್ಟಿತ್ತು ಎಂದು ಕಂಡಕ್ಟರ್ ಯಾರಿಗೂ ಹೇಳಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಎದ್ದು ನಿಂತಿದ್ದ. ಮುಖ ಕೆಂಪಾಗಿತ್ತು. "ಥೂ! ಎಂಥ ಜನ ಗುರುಗಳೇ ಅವರು! ಕೇಳಿದ್ದಕ್ಕೇ ನನಗೆ ಹೀಗಾಗುತ್ತಿದೆ. ನಾನು ಆ ಸಭೆಯಲ್ಲಿದ್ದಿದ್ದರೆ ನನಗೆ ಎಷ್ಟು ಸಿಟ್ಟು ಬರುತ್ತಿತ್ತು ಗೊತ್ತೇ?"

"ಅಪ್ಪಾ," ಎಂದರು ಗುರುಗಳು, "ಆ ಸಭೆಯಲ್ಲಿ ಸಿಟ್ಟು ಬರದೆ ಕೂತಿದ್ದವನು ಅಧ್ಯಕ್ಷನೊಬ್ಬನೇ."